ಕರ್ನಲ್ ಹೊತ್ತ ಬುತ್ತಿ

ಏಳನೆಯ ಕಂತು

“ಆ ಫೈಲನ್ನ ಅಳಿಸಿಬಿಡಿ” ಎಂದೆ.

ದೊಡ್ಡ ಸಾಹೇಬ ನಕ್ಕ. ಲಿಫ್ಟ್ ಕಂಪನಿಯ ಮುಖ್ಯ ಎಂಜಿನಿಯರ್ ಆತ. ಐದನೇ ಮಹಡಿಯ ಆ ಮೀಟಿಂಗ್ ರೂಮಿನಲ್ಲಿ ಅವನ ಕುರ್ಚಿಗೆ ಮಾತ್ರ ತಲೆ ಒರಗಿಸುವ ದಿಂಬಿತ್ತು. ಆ ದಿಂಬಿಗೆ ತಲೆ ಕೊಟ್ಟು, ಮೂವತ್ತೆರಡು ಹಲ್ಲನ್ನೂ ತೋರಿಸಿ ನಕ್ಕ.

“ಅಮ್ಮಾ, ಪಾಪ, ನಿಮಗೆ ಗೊತ್ತಿಲ್ಲ ಅನ್ಸುತ್ತೆ. ಆ ಫೈಲ್ ಇಲ್ದೇ ಹೋದ್ರೆ ಬ್ರೇಕ್ ಕಾರ್ಡ್ ಏಳೋದೇ ಇಲ್ಲ. ಹೆಣ ಅದು.”

“ಗೊತ್ತಿಲ್ಲ ಅಂತಾನೇ ಕೇಳ್ತಿರೋದು. ಅಳಿಸಿ, ನೋಡೋಣ.”

“ನೋಡೋಕೇನಿದೆ ಅದ್ರಲ್ಲಿ? ನನ್ನ ಕೈ ಕೆಳಗೆ ಅರವತ್ತು ಜನ ಎಂಜಿನಿಯರುಗಳಿದ್ದಾರೆ.”

ಇರಬಹುದು. ಆ ಅರವತ್ತರಲ್ಲಿ ಒಬ್ಬನಾದರೂ ಒಂದು ದಿನ ತಲೆ ಓಡಿಸಿದ್ದರೆ ನಾನು ಮಂಡಿನೋವು ಹೊತ್ತುಕೊಂಡು ಐದು ಮಹಡಿ ಮೆಟ್ಟಿಲು ಹತ್ತಿ ಬರಬೇಕಿರಲಿಲ್ಲ. ಹೌದು, ಮೆಟ್ಟಿಲೇ. ಈ ಕಂಪನಿಯ ಲಿಫ್ಟಿಗೆ ಕಾಲಿಡುವಷ್ಟು ದಡ್ಡಿ ನಾನಲ್ಲ.

ಪೆಟ್ಟಿಗೆ ಮೇಜಿನ ನಡುವೆ ಇತ್ತು. ಕಳೆದ ತಿಂಗಳು ಹನ್ನೆರಡು ಮಹಡಿಯ ಕಟ್ಟಡವೊಂದರಲ್ಲಿ ಕರೆಂಟು ಹೋಗಿ ಬಂದ ಗಳಿಗೆಯಲ್ಲಿ ಲಿಫ್ಟ್ ಜಾರಿ ಕಾವಲುಗಾರನೊಬ್ಬನ ಎಡಗಾಲು ಹೋಯಿತಲ್ಲ, ಆ ಲಿಫ್ಟನ್ನು ನಡೆಸುತ್ತಿದ್ದದ್ದು ಇದೇ ಪೆಟ್ಟಿಗೆ. ಪಕ್ಕದಲ್ಲಿ ತಂತಿ ಜೋಡಿಸಿದ ಬ್ರೇಕ್, ಒಂದು ಪರದೆ, ಒಂದು ಕೀಬೋರ್ಡ್. ಡಿಸ್ಕ್ ಮಾತ್ರ ಪ್ರತಿ. ಅಸಲು ಡಿಸ್ಕು ಸುರಕ್ಷತಾ ಇಲಾಖೆಯ ತನಿಖಾಧಿಕಾರಿಯ ಚೀಲದಲ್ಲಿ ಮೊಹರಿನೊಳಗಿತ್ತು. ಅಧಿಕಾರಿ ಗಂಟಲಿನ ಮಾತ್ರೆ ಚೀಪುತ್ತಾ, ಯಾರ ಪರವೂ ಅಲ್ಲದ ಮುಖ ಮಾಡಿಕೊಂಡು ಕೂತಿದ್ದ. ಆ ಮುಖಕ್ಕೇ ಅವನಿಗೆ ಸರ್ಕಾರ ಸಂಬಳ ಕೊಡುತ್ತದೆ.

ವಿಷಯ ಇಷ್ಟೇ. ಪೆಟ್ಟಿಗೆಯೊಳಗಿದ್ದು ಬ್ರೇಕ್ ನಡೆಸುವ ಬ್ರೇಕ್ ಕಾರ್ಡಿಗೆ ಸ್ವಂತ ಬುದ್ಧಿಯಿಲ್ಲ, ಸಾಹೇಬನ ಜಾತಿಯೇ. ಕರೆಂಟು ಹೋದರೆ ಎಲ್ಲ ಮರೆತುಬಿಡುತ್ತದೆ. ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಪಾಠವನ್ನು ಪ್ರತಿ ಸಲವೂ ಹೊಸದಾಗಿ ಹೇಳಿಕೊಡಬೇಕು. ಆ ಪಾಠಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಹೇಳಿಕೊಡುವ ಮೇಷ್ಟರು ಕರ್ನಲ್, ಅಂದರೆ ಡಿಸ್ಕಿನಲ್ಲಲ್ಲ, ಪೆಟ್ಟಿಗೆಯ ಬೇರೆಯೇ ಚಿಪ್ಪಿನಲ್ಲಿದ್ದು ಎಲ್ಲರಿಗಿಂತ ಮೊದಲು ಏಳುವ ಯಜಮಾನ ಪ್ರೋಗ್ರಾಂ.

ಆ ಪಾಠದ ಆರನೆಯ ಆವೃತ್ತಿಯಲ್ಲಿ ಒಂದು ತಪ್ಪಿತ್ತು. ಕರೆಂಟು ಮರಳಿ ಬಂದಾಗ, ಮೋಟಾರು ಭಾರ ಹಿಡಿಯುವ ಮೊದಲೇ ಬ್ರೇಕ್ ಬಿಟ್ಟುಕೊಡುತ್ತಿತ್ತು. ಏಳನೆಯದರಲ್ಲಿ ಅದನ್ನು ತಿದ್ದಿದರು. ಏಳು ಸ್ವಲ್ಪ ನಿಧಾನ. ಮೋಟಾರು ಹಿಡಿಯಿತೇ ಎಂದು ಎರಡೆರಡು ಸಲ ಕೇಳಿಕೊಂಡೇ ಬ್ರೇಕ್ ಬಿಡುತ್ತದೆ.

ಆ ಏಳನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ನಲವತ್ತೊಂದು ಕಟ್ಟಡಗಳಿಗೆ ಹೋಗಿ, ಒಂದೊಂದು ಪೆಟ್ಟಿಗೆಯ ಡಿಸ್ಕಿಗೂ ತುಂಬಿ, ಸಹಿ ಹಾಕಿ ಬಂದವಳು ನನ್ನ ಎಡಗಡೆ ಕೂತಿದ್ದಳು. ಲಿಫ್ಟ್ ಮೆಕ್ಯಾನಿಕ್. ಕಟ್ಟಡಗಳ ಜನ ಅವಳನ್ನು ಲಿಫ್ಟಕ್ಕ ಎನ್ನುತ್ತಾರೆ. ಗಟ್ಟಿ ಕೈ, ಉಗುರಿನ ಸಂದಿಯಲ್ಲಿ ಯಾವತ್ತೂ ಹೋಗದ ಗ್ರೀಸು, ಬಾಯಲ್ಲಿ ದಿನಕ್ಕೆ ನಾಲ್ಕು ಮಾತು.

ಅಪಘಾತದ ದಿನ ಓಡುತ್ತಿದ್ದದ್ದು ಆರು. ಪೆಟ್ಟಿಗೆಯ ದಾಖಲೆಯೇ ಹಾಗೆ ಹೇಳುತ್ತಿತ್ತು. ಡಿಸ್ಕಿನಲ್ಲಿ ಇದ್ದದ್ದು ಏಳು, ಏಳು ತಿಂಗಳ ಹಿಂದಿನ ತಾರೀಖಿನದು. ಇದಕ್ಕೆ ಸಾಹೇಬ ಮಾಡಿದ ಅರ್ಥ: ಈಕೆ ಏಳನ್ನು ಹಾಕದೆಯೇ ಸುಳ್ಳು ಸಹಿ ಹಾಕಿದ್ದಳು. ಅಪಘಾತವಾದ ಮೇಲೆ ಎಲ್ಲರಿಗಿಂತ ಮೊದಲು ಓಡಿಬಂದು, ಪೆಟ್ಟಿಗೆಯ ಗಡಿಯಾರ ಹಿಂದಕ್ಕೆ ತಿರುಗಿಸಿ, ಗುಟ್ಟಾಗಿ ಫೈಲು ತುರುಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವರ ಸಂತತಿ ಇನ್ನೂ ಮುಗಿದಿಲ್ಲ. ಇವತ್ತು ಸಂಜೆಯೊಳಗೆ ಅಧಿಕಾರಿ ವರದಿ ಬರೆದರೆ ಅವಳ ಲೈಸೆನ್ಸು ಹೋಗುತ್ತದೆ, ಅವಳು ಜೈಲಿಗೆ ಹೋಗುತ್ತಾಳೆ.

ನನ್ನನ್ನು ಈ ಕೆಲಸಕ್ಕೆ ಕರೆದವನು ಅವಳ ತಮ್ಮ. ಅವಳ ಪಕ್ಕದ ಕುರ್ಚಿಯಲ್ಲಿ ಬೆರಳಿನ ಚರ್ಮ ಕಚ್ಚುತ್ತಾ ಕೂತಿದ್ದ. ಇದೇ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವನಂತೆ, ಎರಡು ವರ್ಷದ ಹಿಂದೆ ಬಿಟ್ಟನಂತೆ, ಈಗ ಮನೆಯಲ್ಲೇ ಕೂತು ಏನೋ ಸಣ್ಣಪುಟ್ಟ ಕೆಲಸ ಮಾಡುತ್ತಾನಂತೆ. ಮೂವತ್ತಾದರೂ ಅಕ್ಕನ ಮುಖ ನೋಡದೆ ಒಂದು ಪ್ರಶ್ನೆಗೂ ಉತ್ತರ ಕೊಡದ ಆಸಾಮಿ.

ನಿನ್ನೆ ಅವರ ಮನೆಗೆ ಹೋಗಿದ್ದೆ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಕೆಳಗೆ ಒಂದು ಹಳೆ ಕಂಪ್ಯೂಟರು. ಕೀಬೋರ್ಡಿನ ಅಕ್ಷರಗಳೆಲ್ಲ ಸವೆದಿದ್ದವು, ಮೇಲೆ ಅಲ್ಲಲ್ಲಿ ಗ್ರೀಸಿನ ಕಲೆ. ತಮ್ಮ ಕೆಲಸ ಮಾಡಿ ಎದ್ದು ಹೋಗುತ್ತಾನೆ, ಅಕ್ಕ ದುಡಿದು ಬಂದು ಅದನ್ನೂ ಒರೆಸಿಡಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ತಾಯಿ, “ಪುಟಾಣೀ, ಒಂಚೂರು ನೀರು ಕೊಡು” ಎಂದರು. ಇಬ್ಬರೂ ಎದ್ದರು. ಅಕ್ಕ ಮತ್ತೆ ಕೂತಳು, ತಮ್ಮ ಲೋಟ ತೆಗೆದುಕೊಂಡು ಹೋದ. ಈ ವಯಸ್ಸಿನಲ್ಲೂ ಪುಟಾಣಿಯಂತೆ! ಸರಿಯಾಗಿಯೇ ಇಟ್ಟಿದ್ದಾರೆ ಎಂದುಕೊಂಡೆ.

ಈಗ ಆ ಪುಟಾಣಿ ಬಾಯಿ ಬಿಟ್ಟ.

“ಮೇಡಂ, ಅಳಿಸೋದು ಬೇಡ.”

“ಯಾಕಪ್ಪ?”

“ಅಲ್ಲ, ಸಾಕ್ಷಿ ಅದು. ಹಾಳಾದ್ರೆ?”

“ಪ್ರತಿ ಕಣಯ್ಯ ಇದು. ಅಸಲು ಇವರ ಚೀಲದಲ್ಲಿದೆ.”

ಅವನು ಅಕ್ಕನ ಕಡೆ ನೋಡಿದ. ಅವಳು ಮೇಜಿನ ಮೇಲಿನ ಬ್ರೇಕನ್ನು ನೋಡುತ್ತಿದ್ದಳು.

“ಅಳಿಸಲಿ ಬಿಡಿ” ಎಂದ ಸಾಹೇಬ. “ಪತ್ತೇದಾರಮ್ಮನಿಗೂ ಒಂದು ಪಾಠ ಆಗುತ್ತೆ.”

“ಹಾಗಾದ್ರೆ ಒಂದು ಕೆಲಸ ಮಾಡಿ ಸಾಹೇಬ್ರೇ. ಈಗ ಹೇಳಿದ್ರಲ್ಲ, ಡಿಸ್ಕಲ್ಲಿ ಫೈಲಿಲ್ಲದಿದ್ರೆ ಕಾರ್ಡ್ ಏಳಲ್ಲ ಅಂತ. ಅದನ್ನ ಬರೆದು ಸಹಿ ಹಾಕಿಕೊಡಿ.”

“ಇಂಥದ್ದಕ್ಕೆಲ್ಲ ಸಹಿನಾ?”

“ನಮ್ಮಂಥ ದಡ್ಡರಿಗೆ ಎಲ್ಲಾನೂ ಬರವಣಿಗೇಲೇ ಬೇಕು.”

ದಡ್ಡಿ ಎಂದು ನಾನೇ ಒಪ್ಪಿಕೊಂಡದ್ದು ಅವನಿಗೆ ಹಿತವಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಇವನು ಒಂದು ಸಾಲು ಬರೆಯಲಿಕ್ಕೆ ಚಿನ್ನದ ಬಣ್ಣದ ಪೆನ್ನು ತೆಗೆದ, ಕಂಪನಿಯ ಮುದ್ರೆಯಿದ್ದ ಕಾಗದ ತರಿಸಿದ. ಬರೆದು, ಕೆಳಗೆ ಗೆರೆ ಎಳೆದು, ಅರ್ಧ ಹಾಳೆಯ ಸಹಿ ಹಾಕಿದ. ಅಧಿಕಾರಿ ಅದನ್ನು ತೆಗೆದುಕೊಂಡು ತನ್ನ ಕಡತದೊಳಗಿಟ್ಟ.

ಮೂವತ್ತು ವರ್ಷ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಊರವರ ಕೆಟ್ಟ ಯಂತ್ರ ಬಿಚ್ಚಿದವಳು ನಾನು. ಈಗ ಯಂತ್ರ ಕೆಡಲು ಯಾರು ಕಾರಣ ಎಂದು ಹುಡುಕುತ್ತೇನೆ. ಎರಡೂ ಒಂದೇ ಕೆಲಸ. ಆಗ ನನ್ನ ಮುಂದೆ ಇಡುತ್ತಿದ್ದ ವಸ್ತುಗಳು ಸುಳ್ಳು ಹೇಳುತ್ತಿರಲಿಲ್ಲ, ಅಷ್ಟೇ.

ಏಳರ ಫೈಲನ್ನು ನಾನೇ ಅಳಿಸಿದೆ. ಅಧಿಕಾರಿಯೇ ಬಗ್ಗಿ ನೋಡಿ, ಇಡೀ ಡಿಸ್ಕಿನಲ್ಲಿ ಬ್ರೇಕ್ ಕಾರ್ಡಿನ ಪಾಠ ಆರೂ ಇಲ್ಲ, ಏಳೂ ಇಲ್ಲ ಎಂದು ಖಚಿತ ಮಾಡಿಕೊಂಡ. ಅಂಗಡಿಯ ಕಾಲದ ನನ್ನ ಸ್ಟಾಪ್‌ವಾಚನ್ನು ಅವನ ಕೈಗೆ ಕೊಟ್ಟೆ. ಸ್ವಿಚ್ ಆರಿಸಿದೆ, ಹತ್ತು ಎಣಿಸಿದೆ, ಹಾಕಿದೆ.

ಸಾಹೇಬ ಕೈಕಟ್ಟಿ ಕೂತ.

ಒಂದು. ಎರಡು. ಮೂರು. ನಾಲ್ಕು.

ಟಕ್.

ಬ್ರೇಕ್ ತೆರೆದುಕೊಂಡಿತ್ತು. ಹೆಣ ಎದ್ದು ಕೂತಿತ್ತು. ಡಿಸ್ಕಿನ ಪುಟ್ಟ ಹಸಿರು ದೀಪ ಹೊತ್ತಿಕೊಂಡದ್ದು ಆಮೇಲೆ, ಒಂಬತ್ತನೇ ಸೆಕೆಂಡಿಗೆ.

ಅಧಿಕಾರಿ ಮಾತ್ರೆ ಚೀಪುವುದನ್ನು ನಿಲ್ಲಿಸಿ ಪರದೆ ಓದಿದ. “ಬ್ರೇಕ್ ಕಾರ್ಡ್ ಸಿದ್ಧ. ಫರ್ಮ್‌ವೇರ್ ಆರು.”

“ಇನ್ನೊಂದ್ಸಲ ಮಾಡಿ” ಎಂದ ಸಾಹೇಬ.

ಮಾಡಿದೆ. ಟಕ್. ಆರು.

“ಇನ್ನೊಂದ್ಸಲ.”

ಮೂರನೇ ಸಲ ಆತ ದಿಂಬು ಬಿಟ್ಟು ಮುಂದಕ್ಕೆ ಬಂದು, ಕುರ್ಚಿಯ ತುದಿಯಲ್ಲಿ ಕೂತಿದ್ದ. ಇಂಗು ತಿಂದ ಮಂಗನ ಮುಖ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

“ಈಗ ಹೇಳಿ ಸಾಹೇಬ್ರೇ, ಡಿಸ್ಕೇ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಕಾರ್ಡಿಗೆ ಪಾಠ ಎಲ್ಲಿಂದ ಬಂತು?”

“ಎಲ್ಲೋ ಹಳೇದು ಉಳ್ಕೊಂಡಿರುತ್ತೆ. ಕಾರ್ಡಲ್ಲೇ.”

“ಕರೆಂಟ್ ಹೋದ್ರೆ ಕಾರ್ಡ್ ಎಲ್ಲಾ ಮರೆಯುತ್ತೆ ಅಂತ ನಿಮ್ಮ ಪುಸ್ತಕದಲ್ಲೇ ಇದೆ. ಹನ್ನೊಂದನೇ ಪುಟ. ಓದಿಲ್ವಾ?”

ಓದಿರಲಿಲ್ಲ. ಅದರ ಮುನ್ನುಡಿ ಬರೆದವನು ಇವನೇ.

ಅಧಿಕಾರಿ ನನ್ನ ಕಡೆ ತಿರುಗಿದ. “ನೀವೇ ಹೇಳಿಬಿಡಿ ಮೇಡಂ. ಎಲ್ಲಿಂದ ಬಂತು?”

“ಸಾರ್, ಪ್ರಯಾಣ ಹೊರಟವನು ದಾರಿ ಹೋಟೆಲಲ್ಲಿ ಊಟ ಮಾಡ್ಬಹುದು. ಇಲ್ಲಾ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗ್ಬಹುದು. ಸಾಮಾನ್ಯವಾಗಿ ಕರ್ನಲ್ ಏನು ಮಾಡುತ್ತೆ? ಡಿಸ್ಕ್ ಏಳೋವರೆಗೂ ಕಾದು, ಅದ್ರಿಂದ ಫರ್ಮ್‌ವೇರ್ ತಗೊಂಡು ಕಾರ್ಡಿಗೆ ಕೊಡುತ್ತೆ. ಅದು ಹೋಟೆಲ್ ಊಟ. ಆದ್ರೆ ಕರ್ನಲನ್ನ ಕಟ್ಟೋವಾಗಲೇ ಫರ್ಮ್‌ವೇರನ್ನ ಅದರ ಹೊಟ್ಟೆಯೊಳಗೇ ಸೇರಿಸಿಬಿಡಬಹುದು. ಆಗ ಅದು ಡಿಸ್ಕಿಗೆ ಕಾಯಲ್ಲ. ಡಿಸ್ಕಲ್ಲಿ ಏನಿದೆ ಅಂತ ನೋಡೋದೂ ಇಲ್ಲ. ಬುತ್ತಿ ಇರೋವಾಗ ಹೋಟೆಲ್ ಯಾಕೆ?”

“ಅಂದ್ರೆ ಈ ಕರ್ನಲ್ ಹೊಟ್ಟೇಲಿ ಆರು ಇದೆ.”

“ಇದೆ. ಡಿಸ್ಕಿಗೆ ನೀವು ಏಳಲ್ಲ, ಎಪ್ಪತ್ತು ಹಾಕಿದ್ರೂ ಅದು ತಿನ್ನೋದು ಆರನ್ನೇ. ಈಕೆ ಏಳನ್ನ ಹಾಕಿದ್ದು ನಿಜ. ಸಹಿ ಹಾಕಿದ್ದೂ ನಿಜ. ಆಮೇಲೆ ಯಾರೋ ಈ ಕರ್ನಲ್ ಕಳಿಸಿ, ನಲವತ್ತೊಂದು ಕಟ್ಟಡದಲ್ಲಿ ಈಕೆ ಮಾಡಿದ ಕೆಲಸಕ್ಕೆ ಸದ್ದಿಲ್ಲದೆ ಮಣ್ಣು ಹಾಕಿದ್ರು.”

ಸಾಹೇಬನ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ದೊಡ್ಡ ಪೋಸ್ಟರಿತ್ತು. ಲಿಫ್ಟಿನೊಳಗೆ ನಗುವ ಒಂದು ಸಂಸಾರ, ಅದರ ಕೆಳಗೆ ಸಾಲು: ಕರೆಂಟು ಬಂದ ನಾಲ್ಕೇ ಸೆಕೆಂಡಿನಲ್ಲಿ ನಿಮ್ಮ ಸೇವೆಗೆ.

“ಆ ನಾಲ್ಕು ಸೆಕೆಂಡಿನ ಕರ್ನಲನ್ನ ಎಲ್ಲಾ ಲಿಫ್ಟಿಗೂ ಕಳಿಸಿದ್ದು ಯಾರು ಸಾಹೇಬ್ರೇ?”

“ಕಂಪನಿಯಿಂದಲೇ ಹೋಗಿದ್ದು” ಎಂದ. ದನಿ ಒಂದು ಮಹಡಿ ಇಳಿದಿತ್ತು. “ಆರು ತಿಂಗಳ ಹಿಂದೆ. ಆದ್ರೆ ಕಟ್ಟಿದ್ದು ನಾವಲ್ಲ. ಗುತ್ತಿಗೆಗೆ ಕೊಟ್ಟಿದ್ವಿ. ಯಾರೋ ಹೊರಗಿನವರು ಕಟ್ಟಿ ಕಳಿಸ್ತಾರೆ, ನಾವು ಹಾಕ್ತೀವಿ.”

“ಯಾರು ಅಂತ ಗೊತ್ತಿಲ್ವಾ?”

“ಅದೆಲ್ಲ ಏಜೆನ್ಸಿ ನೋಡ್ಕೊಳ್ಳುತ್ತೆ.”

ಜನ ಜೀವ ಇಟ್ಟು ನಿಲ್ಲುವ ಪೆಟ್ಟಿಗೆಯ ಮೆದುಳನ್ನು ಯಾರು ಕಟ್ಟಿದರೆಂದು ಇವನಿಗೆ ಗೊತ್ತಿಲ್ಲ. ತನ್ನ ಕುರ್ಚಿಯ ದಿಂಬನ್ನು ಯಾವ ಅಂಗಡಿಯಿಂದ ತರಿಸಿದ್ದೆಂದು ಕೇಳಿದರೆ ಮಾತ್ರ ಥಟ್ಟನೆ ಹೇಳಿಯಾನು.

ಲಿಫ್ಟಕ್ಕನ ಕಡೆ ನೋಡಿದೆ. ಸಂತೋಷಪಡಬೇಕಿತ್ತು. ಒಂದು ತಿಂಗಳಿಂದ ಅವಳ ತಲೆಯ ಮೇಲೆ ಕೂತಿದ್ದ ಕಲ್ಲನ್ನು ಈಗಷ್ಟೇ ಇಳಿಸಿದ್ದೆ. ಅವಳ ಮುಖ ಬೂದಿಯಾಗಿತ್ತು. ಹಳೆಯ ಭಯ, ಹೋಗಲಿಕ್ಕೆ ಹೊತ್ತು ಬೇಕು ಎಂದುಕೊಂಡೆ. ಎಲ್ಲವನ್ನೂ ನಾನೇ ಅಂದುಕೊಂಡು, ನಾನೇ ತೀರ್ಮಾನಿಸಿಕೊಳ್ಳುತ್ತಾ ಬಂದಿದ್ದೆ.

“ಯಾರು ಕಟ್ಟಿದ್ದು ಅಂತ ಏಜೆನ್ಸಿನ ಕೇಳ್ಬೇಕಾಗಿಲ್ಲ” ಎಂದೆ. “ಕರ್ನಲೇ ಹೇಳುತ್ತೆ. ಯಾರು, ಯಾವ ಕಂಪ್ಯೂಟರಲ್ಲಿ, ಯಾವತ್ತು ಕಟ್ಟಿದ್ರು ಅನ್ನೋದು ಅದರ ಮೈಮೇಲೇ ಅಚ್ಚಾಗಿರುತ್ತೆ. ಏಳೋವಾಗ ಮೊದಲು ಹೇಳೋ ಸಾಲೇ ಅದು. ಯಾರೂ ಓದಲ್ಲ, ನಾನೂ ಇನ್ನೂ ಓದಿಲ್ಲ, ಅಷ್ಟೇ.”

“ಮೇಡಂ” ಎಂದ ತಮ್ಮ. “ಸಾಕಲ್ವಾ? ಅಕ್ಕನ ತಪ್ಪಿಲ್ಲ ಅಂತ ಆಯ್ತಲ್ಲ. ಸಾಕು ಬಿಡಿ.”

“ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಪ್ಪ ಹೆಗಲು ಮುಟ್ಟಿ ನೋಡ್ಕೋತೀಯ?” ಎಂದು ತಮಾಷೆಗೆ ಅಂದೆ.

ಅಂದ ಮೇಲೆ ಅವನ ಮುಖ ನೋಡಿದೆ. ಅದು ತಮಾಷೆಯ ಮುಖವಾಗಿರಲಿಲ್ಲ.

ಅಷ್ಟರಲ್ಲಿ ಅಧಿಕಾರಿಯೇ ಪರದೆಯನ್ನು ಮೇಲಕ್ಕೆ ಸರಿಸಿ, ಕನ್ನಡಕ ಹಣೆಗೇರಿಸಿ, ಮೊದಲ ಸಾಲು ಓದುತ್ತಿದ್ದ. ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದ.

“ಪು… ಟಾ… ಣಿ. ಪುಟಾಣಿ. ಕಂಪ್ಯೂಟರ್ ಹೆಸರು, ಮನೆ. ತಾರೀಖು ಆರು ತಿಂಗಳ ಹಿಂದಿನದು.” ಬೆರಳು ಮಡಿಸಿ ಲೆಕ್ಕ ಹಾಕಿದ. “ಏಳನೇದು ಬಂದು ಮೂರು ವಾರ ಆದ್ಮೇಲೆ.”

ಸಾಹೇಬನಿಗೆ ಜೀವ ಬಂತು. “ನೋಡಿದ್ರಾ? ಸರಿಯಾದದ್ದು ಬಂದು ಮೂರು ವಾರ ಆದ್ಮೇಲೂ ಹಳೇದನ್ನ ಒಳಗೆ ಹಾಕಿದಾನೆ! ಬೇಕಂತಲೇ! ಯಾರ್ರೀ ಇವನು ಪುಟಾಣಿ? ಹಿಡೀರಿ ಅವನನ್ನ.”

ಕೋಣೆಯಲ್ಲಿ ಐವರಿದ್ದೆವು. ನಮ್ಮಲ್ಲಿ ಮೂವರಿಗೆ ಆ ಹೆಸರು ಗೊತ್ತಿತ್ತು.

ತಮ್ಮ ತನ್ನ ಚಪ್ಪಲಿಯನ್ನು ನೋಡುತ್ತಿದ್ದ. ನನಗೆ ಸಾಹೇಬನ ಮೇಲಿದ್ದ ತಿರಸ್ಕಾರವೆಲ್ಲ ಒಂದೇ ಸಲ ಪಕ್ಕಕ್ಕೆ ತಿರುಗಿ ಇವನ ಮೇಲೆ ಬಿತ್ತು. ಸಾಹೇಬ ಬರೀ ಪೊಳ್ಳು ಮನುಷ್ಯ. ಇವನು ಅಕ್ಕ ಜೈಲಿಗೆ ಹೋಗುವುದನ್ನು ಒಂದು ತಿಂಗಳಿಂದ ಬಾಯಿ ಮುಚ್ಚಿಕೊಂಡು ನೋಡಿದವನು. ಮೇಲಿಂದ ನನ್ನನ್ನೇ ಕರೆದು, ಅಕ್ಕನಷ್ಟನ್ನು ಬಿಡಿಸಿ ತನ್ನಷ್ಟನ್ನು ಮುಚ್ಚಿಡಬಹುದು ಎಂದುಕೊಂಡವನು. ನಾಚಿಕೆಗೆಟ್ಟವನು. ಹೇಳಿಬಿಡೋಣವೆಂದು ಬಾಯಿ ತೆರೆದೆ.

“ನಾನೇ” ಎಂದಳು ಲಿಫ್ಟಕ್ಕ.

ಎದ್ದು ನಿಂತಿದ್ದಳು. “ಮನೇಲಿ ನನ್ನನ್ನ ಹಾಗೇ ಕರೀತಾರೆ. ಆ ಕರ್ನಲ್ ಕಟ್ಟಿದ್ದು ನಾನೇ, ಸಾರ್. ಬರ್ಕೊಳ್ಳಿ.”

ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂದವು.

“ಸುಳ್ಳು ಸಾರ್! ಬರ್ಕೋಬೇಡಿ. ಈಕೆಗೆ ಸ್ಪ್ಯಾನರ್ ಬಿಟ್ರೆ ಬೇರೆ ಗೊತ್ತಿಲ್ಲ. ಕಂಪನಿಯವರು ಅಚ್ಚು ಹಾಕಿಕೊಟ್ಟ ಹಾಳೆ ನೋಡ್ಕೊಂಡು, ಒಂದೊಂದೇ ಗುಂಡಿ ಒತ್ತಿ ಫೈಲ್ ತುಂಬಿದವಳು. ಇವಳು ಕರ್ನಲ್ ಕಟ್ತಾಳಾ? ತಮ್ಮನ್ನ ಉಳಿಸೋಕೆ ತಾನು ಬಾವಿಗೆ ಹಾರ್ತಿದ್ದಾಳೆ.”

“ತಮ್ಮ?” ಎಂದ ಅಧಿಕಾರಿ.

ಆಗಲೇ ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

ಲಿಫ್ಟಕ್ಕ ನನ್ನ ಕಡೆ ತಿರುಗಿದಳು. ಇಷ್ಟು ದಿನದಲ್ಲಿ ಅವಳು ನನ್ನನ್ನು ಸಿಟ್ಟಿನಿಂದ ನೋಡಿದ್ದು ಅದೇ ಮೊದಲು.

“ಸ್ಪ್ಯಾನರ್ ಬಿಟ್ರೆ ಬೇರೆ ಗೊತ್ತಿಲ್ಲ ಅಂತ ನಿಮಗೆ ಯಾರು ಹೇಳಿದ್ರು ಮೇಡಂ? ನೀವು ಒಂದ್ಸಲಾನಾದ್ರೂ ನನ್ನ ಕೇಳಿದ್ರಾ?”

ಕೇಳಿರಲಿಲ್ಲ. ತಮ್ಮನನ್ನು ಕೇಳಿದ್ದೆ. ಮೂವತ್ತು ವರ್ಷ ನನ್ನ ಅಂಗಡಿಗೆ ಬಂದವರೆಲ್ಲ, “ಯಜಮಾನ್ರು ಇಲ್ವಾ? ರಿಪೇರಿ ಮಾಡೋರನ್ನ ಕರೀರಿ” ಎಂದು ನನಗೇ ಹೇಳಿ ಹೋಗುತ್ತಿದ್ದರು. ಅವರನ್ನೆಲ್ಲ ನಾನು ಎಷ್ಟು ಕೀಳಾಗಿ ಕಂಡಿದ್ದೇನೆ! ಈಗ ನಾನೂ ಅದನ್ನೇ ಮಾಡಿ ಕೂತಿದ್ದೆ.

ಅಧಿಕಾರಿ ಕೀಬೋರ್ಡನ್ನು ಎರಡು ಬೆರಳಿನಿಂದ ಅವಳ ಕಡೆಗೆ ತಳ್ಳಿದ.

“ತೋರಿಸಿ.”

ಅವಳು ಕೂರಲಿಲ್ಲ. ನಿಂತಲ್ಲೇ ಬಗ್ಗಿದಳು. ಗ್ರೀಸಿನ ಆ ದಪ್ಪ ಬೆರಳುಗಳು ಕೀಲಿಗಳನ್ನು ನೋಡದೆಯೇ ಓಡಿದವು. ಪೆಟ್ಟಿಗೆಯೊಳಗೆ ಎಲ್ಲೋ ಮಡಚಿಟ್ಟಿದ್ದ ಒಂದು ಉದ್ದ ಪಟ್ಟಿ ಪರದೆಯ ಮೇಲೆ ಬಿಚ್ಚಿಕೊಂಡಿತು. ಈ ಕರ್ನಲ್ ಕಟ್ಟುವಾಗ ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಎಂಬ ಸಾವಿರಾರು ಸಾಲಿನ ಪಟ್ಟಿ. ಅದನ್ನು ಹುಡುಕಲು ನನಗೆ ಹೋದ ವಾರ ಮೂರು ದಿನ ಬೇಕಾಗಿತ್ತು. ಅವಳು ಒಂದೇ ಉಸಿರಿಗೆ ಬೇಕಾದ ಸಾಲಿಗೆ ಹೋಗಿ ನಿಂತಳು. ಒಳಗೆ ಸೇರಿಸಬೇಕಾದ ಫರ್ಮ್‌ವೇರ್: ಬ್ರೇಕ್ ಕಾರ್ಡಿನ ಫೈಲು.

“ಈ ಸಾಲು ಬರೆದಿದ್ದು ನಾನು.”

ಮನೆಯ ಕೀಬೋರ್ಡಿನ ಮೇಲಿನ ಗ್ರೀಸಿನ ಕಲೆ ನೆನಪಾಯಿತು. ‘ಪುಟಾಣೀ’ ಎಂದ ಕೂಡಲೇ ಎದ್ದ ಇಬ್ಬರು ನೆನಪಾದರು. ತಾಯಿಗೆ ಇಬ್ಬರೂ ಪುಟಾಣಿಯೇ. ಎದ್ದವರು ಇಬ್ಬರು, ನಾನು ಎ‍ಣಿಸಿದ್ದು ಒಬ್ಬನನ್ನು.

“ತಮ್ಮ ಕಲಿಸ್ತಿದ್ದ” ಎಂದಳು. “ಎರಡು ವರ್ಷದಿಂದ. ಸಂಜೆ ಕೆಲಸ ಮುಗಿಸಿ ಬಂದ್ಮೇಲೆ. ಅವನಿಗೆ ಬರೋ ಗುತ್ತಿಗೆ ಕೆಲಸದಲ್ಲಿ ಅರ್ಧ ನಾನೇ ಮಾಡ್ತಿದ್ದೆ. ಲಿಫ್ಟ್ ಬೇಗ ಏಳ್ಬೇಕು ಅಂತ ಬಂದಿತ್ತು. ಡಿಸ್ಕಿಗೆ ಕಾಯೋದು ತಪ್ಪಿಸಿದ್ರೆ ಐದು ಸೆಕೆಂಡ್ ಉಳಿಯುತ್ತೆ ಅಂತ ನನಗೇ ಹೊಳೀತು. ಎಷ್ಟು ಹಿಗ್ಗಿದ್ದೆ ಗೊತ್ತಾ ಸಾರ್ ಅವತ್ತು.”

“ಆದ್ರೆ ಏಳನೇದು ಬಂದಿದ್ದು ನಿಮಗೆ ಗೊತ್ತಿತ್ತು. ಊರೆಲ್ಲಾ ತಿರುಗಿ ಹಾಕಿದವರೇ ನೀವು.”

“ಅದೇ ಸಾರ್.” ಅವಳು ಕೀಬೋರ್ಡಿನಿಂದ ಕೈ ತೆಗೆದಳು. “ಕಟ್ಟೋವಾಗ ಫೈಲು ನಮ್ಮ ಕಂಪ್ಯೂಟರಿಂದ ಒಳಗೆ ಹೋಗುತ್ತೆ. ನಲವತ್ತೊಂದು ಕಡೆ ಹೋಗಿ ಏಳನ್ನ ಹಾಕಿದೆ. ನಮ್ಮನೆ ಕಂಪ್ಯೂಟರಿಗೆ ಹಾಕೋದು ಮರೆತೆ.”

ಅವಳ ಕಣ್ಣಲ್ಲಿ ನೀರಿರಲಿಲ್ಲ.

“ಆ ವಾಚ್‌ಮನ್ ಅಣ್ಣನ ಕಾಲು ಹೋಗಿದ್ದು ನನ್ನಿಂದ. ಅಪಘಾತದ ದಿನ ದಾಖಲೇಲಿ ಆರು ಅಂತ ನೋಡಿದಾಗಲೇ ಗೊತ್ತಾಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ.”

ಸಾಹೇಬ ನಿಧಾನವಾಗಿ ಹಿಂದಕ್ಕೆ ಸರಿದು, ತಲೆಯನ್ನು ಮತ್ತೆ ದಿಂಬಿಗೆ ಕೊಟ್ಟ. ಹಲ್ಲುಗಳು ಒಂದೊಂದಾಗಿ ಹೊರಗೆ ಬಂದವು.

“ನಾನು ಮೊದಲ ದಿನದಿಂದ ಹೇಳ್ತಾ ಇದ್ದದ್ದೂ ಅದೇ ತಾನೆ? ತಪ್ಪು ಇವಳದ್ದೇ. ದಾರಿ ಸ್ವಲ್ಪ ಸುತ್ತು ಆಯ್ತು, ಅಷ್ಟೇ. ಥ್ಯಾಂಕ್ಸ್ ಅಮ್ಮಾ, ನಮ್ಮ ಕೆಲಸ ನೀವೇ ಮಾಡಿಕೊಟ್ರಿ.”

ಅಧಿಕಾರಿ ಪೆನ್ನು ಬಿಚ್ಚಿದ. ಹಾಳೆಯ ಮೇಲೆ ತಾರೀಖು ಬರೆದ. ಬಿಡಿಸಲು ಬಂದ ನಾನು ಅವಳನ್ನು ನನ್ನ ಕೈಯಾರೆ ಕಟ್ಟಿಕೊಟ್ಟಿದ್ದೆ.

ಕುರ್ಚಿ ಸರಿದ ಸದ್ದಾಯಿತು.

ತಮ್ಮ ಎದ್ದಿದ್ದ. ಇಡೀ ಮಧ್ಯಾಹ್ನದಲ್ಲಿ ಮೊದಲ ಸಲ ಅಕ್ಕನ ಮುಖ ನೋಡದೆ ಮಾತಾಡಿದ.

“ಅಕ್ಕ ಮರೆತಿರಲಿಲ್ಲ, ಸಾರ್.”

“ನೀನು ಸುಮ್ನಿರೋ” ಎಂದಳು ಅವಳು.

“ಮರೆತಿರಲಿಲ್ಲ. ಏಳನೇದು ಬಂದ ದಿನ ಸಂಜೇನೇ ನಮ್ಮ ಕಂಪ್ಯೂಟರಿಗೆ ಹಾಕಿದ್ಳು. ಇವಳು ದಿನಕ್ಕೆ ಹತ್ತು ಕೆಲಸ ಮಾಡ್ತಾಳೆ, ಯಾವುದು ಮಾಡಿದೆ ಯಾವುದು ಬಿಟ್ಟೆ ಅನ್ನೋದು ಇವಳಿಗೇ ನೆನಪಿರಲ್ಲ. ಒಂದು ತಿಂಗಳಿಂದ ತಾನೇ ಮರೆತೆ ಅಂದ್ಕೊಂಡು ಕೊರಗ್ತಿದ್ದಾಳೆ. ನಾನು ಕೊರಗೋಕೆ ಬಿಟ್ಟೆ.”

ಅವನು ಅಧಿಕಾರಿಯ ಹಾಳೆಯ ಹತ್ತಿರ ಬಂದು ನಿಂತ.

“ಏಳನ್ನ ತೆಗೆದು ಮತ್ತೆ ಆರನ್ನ ಇಟ್ಟಿದ್ದು ನಾನು. ಕಳಿಸೋ ಹಿಂದಿನ ದಿನ.”

“ಯಾಕೆ?” ಎಂದ ಅಧಿಕಾರಿ.

ತಮ್ಮ ಕೈಯೆತ್ತಿ ಗೋಡೆಯ ಪೋಸ್ಟರನ್ನು ತೋರಿಸಿದ. ಆಮೇಲೆ ಅದರ ಕೆಳಗೆ ಕೂತವನನ್ನು ತೋರಿಸಿದ.

“ಏಳನೇದು ಇದ್ದಿದ್ರೆ ಆ ನಾಲ್ಕು ಸೆಕೆಂಡು ದಾಟ್ತಿತ್ತು. ಅವತ್ತು ನನಗೆ ಫೋನ್ ಮಾಡಿ ಏನಂದ್ರು ಅಂತ ಇವರನ್ನೇ ಕೇಳಿ.”

ಸಾಹೇಬನ ಕೈ ಮೇಜಿನ ಮೇಲಿದ್ದ ತನ್ನ ಫೋನಿನ ಕಡೆ ಹೋಯಿತು. ಅವನಿಗಿಂತ ಮೊದಲು ಲಿಫ್ಟಕ್ಕನ ಗ್ರೀಸಿನ ಕೈ ಅದರ ಮೇಲೆ ಬಿದ್ದಿತ್ತು.